ಆರು ಪದಗಳ ಆಚೆಗೆ



 ನನಗಿಂತ ಮೊದಲು ಈ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತವರು ಆಫ್ರಿಕಾ ಇತಿಹಾಸದ ವಿಭಾಗ ಮುಚ್ಚಿಹೋಗದಂತೆ ನೋಡಿಕೊಂಡರು.  ಇಥಿಯೋಪಿಯಾ ಎಂದರೆ ನಮ್ಮ ಗೋಷ್ಠಿಗಳಲ್ಲಿ ಮೊದಲು ಅಲ್ಲಿಂದ ದಖ್ಖನಿಗೆ ಬಂದ ಮಲಿಕ್ ಅಂಬರ್ ಬರುತ್ತಾನೆ, ಹಿಂದೆಯೇ ಕಾಫಿಯ ಹುಟ್ಟಿನ ಕತೆ ಬರುತ್ತದೆ, ಅಷ್ಟರಲ್ಲಿ ಊಟದ ಗಂಟೆ ಹೊಡೆಯುತ್ತದೆ. ಇವತ್ತು ಊಟ ಸ್ವಲ್ಪ ತಡವಾಗಲಿ.

ನಾನು ಹೇಳಹೊರಟಿರುವುದು ತಾನಾ ಸರೋವರದ ದಡದ ವೈತೊ ಜನರ ಬಗ್ಗೆ. ಜೊಂಡು ಕೊಯ್ದು ‘ತಾಂಕ್ವಾ’ ಎಂಬ ದೋಣಿ ಕಟ್ಟುವವರು. ಹೆಂಗಸರು ಬುಟ್ಟಿ ಹೆಣೆಯುತ್ತಾರೆ. ಹಿಂದೆ ನೀರ್ಗುದುರೆ ಬೇಟೆಯೇ ಅವರ ಬದುಕು. ಆ ಮಾಂಸ ತಿನ್ನುವವರೆಂದು ಸುತ್ತಲಿನ ಕ್ರೈಸ್ತರು ಅವರನ್ನು ದೂರವಿಟ್ಟರು. ನಾವು ಮುಸ್ಲಿಮರು ಎಂದರೆ ಮುಸ್ಲಿಮರೂ ಒಪ್ಪಲಿಲ್ಲ. ಅದೇ ದಡದ ಬಹಿರ್ ದಾರ್‌ನಲ್ಲಿ ಪಾಠ ಹೇಳಿದ ವರ್ಷಗಳಲ್ಲಿ ನಾನು ಅವರ ದೋಣಿ ಹತ್ತಿದ್ದೇನೆ. ಬಟ್ಟೆ ಒದ್ದೆಯಾಗದೆ ಇಳಿದದ್ದು ನೆನಪಿಲ್ಲ.

ಅಂದಿನಿಂದ ಒಂದೇ ಮಾತು ಕೇಳುತ್ತ ಬಂದಿದ್ದೇನೆ: ಅವರ ಕಳೆದುಹೋದ ಮೂಲಭಾಷೆ ಯಾವುದೆಂದು ಮೊದಲು ಇತ್ಯರ್ಥವಾಗಲಿ, ಇತಿಹಾಸ ಆಮೇಲೆ. ಆ ‘ಆಮೇಲೆ’ ಇನ್ನೂ ಬಂದಿಲ್ಲ.

ಬರುವುದೂ ಇಲ್ಲ. ಯಾಕೆಂದು ಕೇಳಿ. 1770ರ ಸುಮಾರಿಗೆ ಅಲ್ಲಿಗೆ ಹೋದ ಸ್ಕಾಟ್ಲೆಂಡಿನ ಜೇಮ್ಸ್ ಬ್ರೂಸ್, ಇವರ ನುಡಿ ಆ ಸೀಮೆಯ ಯಾವ ನುಡಿಗೂ ಸೇರದ್ದು ಎಂದು ಬರೆದ. ದೊರೆಗೆ ಹೇಳಿ ಇಬ್ಬರು ವೈತೊಗಳನ್ನು ಕರೆಸಿದ. ಪ್ರಶ್ನೆ ಕೇಳಿದರೆ ಉತ್ತರವಿಲ್ಲ. ನೇಣು ಹಾಕುತ್ತೇವೆಂದರೂ ಉತ್ತರವಿಲ್ಲ. 1907ರಲ್ಲಿ ಜರ್ಮನ್ ವಿದ್ವಾಂಸ ಮಿಟ್‌ವೋಖ್ ಬರೆಯುವ ಹೊತ್ತಿಗೆ ಅವರೆಲ್ಲರೂ ಆಡುತ್ತಿದ್ದುದು ಅಮ್ಹಾರಿಕ್ ಭಾಷೆ. 1928ರಲ್ಲಿ ಫ್ರೆಂಚ್ ಮಾನವಶಾಸ್ತ್ರಜ್ಞ ಮಾರ್ಸೆಲ್ ಗ್ರಿಯೋಲ್ ಎದುರು ಒಬ್ಬ ವೈತೊ ಹಳೆಯ ನುಡಿಯ ಹಾಡೊಂದನ್ನು ಹಾಡಿದ. ನೀರ್ಗುದುರೆಯ ಕೆಲವು ಅಂಗಗಳ ಹೆಸರು ಬಿಟ್ಟರೆ ಹಾಡಿದವನಿಗೇ ಅದರ ಅರ್ಥ ತಿಳಿಯದು. ಆ ಹಾಡು ದಾಖಲಾಗಲೇ ಇಲ್ಲ! ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಗ್ರಿಯೋಲ್ ತಂದ ಪದಪಟ್ಟಿಯನ್ನು 1939ರಲ್ಲಿ ಭಾಷಾವಿಜ್ಞಾನಿ ಮಾರ್ಸೆಲ್ ಕೊಯೆನ್ ಜಾಲಾಡಿದಾಗ ಮೂಲ ತಿಳಿಯದೆ ಉಳಿದದ್ದು ಆರೇ ಪದ: ಮೀನಿನ ಹುರುಪೆ, ರೆಕ್ಕೆ, ಸೊಳ್ಳೆ, ಭುಜ, ನೀರ್ಗುದುರೆಯ ತೊಡೆ, ಅದರ ಬೆನ್ನೆಲುಬು. 1965ರಲ್ಲಿ ಮಾನವಶಾಸ್ತ್ರಜ್ಞ ಫ್ರೆಡರಿಕ್ ಗ್ಯಾಮ್ಸ್ಟ್ ಹುಡುಕಿದಾಗ ಒಂದೂ ಸಿಗಲಿಲ್ಲ.

ಈ ಆರು ಪದ ಹಿಡಿದು ಅವರ ನುಡಿ ಸೇರುವ ಭಾಷಾಗುಂಪು ಅಗೌವೋ, ಸೆಮಿಟಿಕ್ಕೋ, ಪೂರ್ವ ಸುಡಾನಿಕ್ಕೋ ಎಂದು ಜಗ್ಗಾಟ. ಒಂದು ಸೊಳ್ಳೆ, ಒಂದು ರೆಕ್ಕೆ ಇಟ್ಟುಕೊಂಡು ಒಂದು ಜನದ ಹುಟ್ಟೂರು ಹೇಳುತ್ತೀರಾ? ಕೊಯೆನ್ ಇನ್ನೊಂದು ಸಂಗತಿ ಗಮನಿಸಿದ್ದ. ಹೊರಗಿನವರಿಗೆ ತಿಳಿಯಬಾರದೆಂದು ವೈತೊಗಳು ಅಮ್ಹಾರಿಕ್ ಪದಗಳನ್ನೇ ತಿರುಚಿ ಆಡುತ್ತಿದ್ದರು. ಅರ್ಥವಾಗದೆಯೋ, ಅರ್ಥವಾಗಿಯೋ ನೇಣಿನೆದುರು ಸುಮ್ಮನಿದ್ದ ಆ ಇಬ್ಬರನ್ನೂ ಪದ ತಿರುಚಿದ ಮುಂದಿನವರನ್ನೂ ಒಟ್ಟಿಗೆ ನಿಲ್ಲಿಸಿ ನೋಡಿ. ಯಾರಿಂದ ಏನು ಬಚ್ಚಿಡುತ್ತಿದ್ದರು? ನೀರು ಯಾರದು, ಬೇಟೆಯ ಪಾಲು ಯಾರಿಗೆ ಹೋಗುತ್ತಿತ್ತು? ಇತಿಹಾಸಕಾರ ಕೇಳಬೇಕಾದದ್ದು ಇದನ್ನು.

ಇದನ್ನೇ ಕೇಳುತ್ತೇನೆಂದು ಕಳಿಸಿದ ಯೋಜನೆಯನ್ನು ಒಂದು ಸಮಿತಿ ಎರಡು ಸಲ ವಾಪಸು ಮಾಡಿತು: ಲಿಖಿತ ಆಧಾರ ಸಾಲದಂತೆ. ಆ ಸಮಿತಿಯಲ್ಲಿದ್ದ ಹಿರಿಯರೊಬ್ಬರು ಎರಡನೇ ಸಾಲಿನಲ್ಲಿ ತಲೆಯಾಡಿಸುತ್ತಿದ್ದಾರೆ. ಒಪ್ಪಿಗೆಯಿಂದಲ್ಲ ಎಂದು ಬಲ್ಲೆ.

ಆಗಬೇಕಾದ್ದು ಇಷ್ಟು. ಜೊಂಡು ಕೊಯ್ಯುವುದರಿಂದ ದೋಣಿ ನೀರಿಗಿಳಿಸುವವರೆಗೆ ಪ್ರತಿ ಕೆಲಸದ, ಪ್ರತಿ ಗಂಟಿನ ಹೆಸರು ಮುದುಕರ ಬಾಯಲ್ಲೇ ಧ್ವನಿಮುದ್ರಣವಾಗಲಿ. ಒಂದು ಪ್ರತಿ ಅವರ ಕೈಯಲ್ಲಿ ಉಳಿಯಲಿ. ಇಥಿಯೋಪಿಯಾದ ಹಸ್ತಪ್ರತಿಗಳ ಅಂಚಿನಲ್ಲಿ ದತ್ತಿ ಭೂಮಿಯ ಟಿಪ್ಪಣಿ ಬರೆಯುವ ರೂಢಿಯಿತ್ತು. ತಾನಾ ಸರೋವರದ ದ್ವೀಪಗಳ ಮಠಗಳ ಪ್ರತಿಗಳನ್ನು ದಡದಲ್ಲಿ ಯಾರಿದ್ದರೆಂದು ತಿಳಿಯಲು ಓದಬೇಕು. ಅದಕ್ಕೆ ಆ ಹಸ್ತಪ್ರತಿಗಳ ಭಾಷೆಯಾದ ಗೀಜ್ ಬಲ್ಲ ಒಬ್ಬರಾದರೂ ನಮ್ಮಲ್ಲಿರಬೇಕು. ನಮ್ಮ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಅಮ್ಹಾರಿಕ್ ಪಾಠ ಶುರುವಾಗಲಿ. ನಗಬೇಡಿ. ಒಂದು ದಿನ ವೈತೊ ಹುಡುಗಿಯೊಬ್ಬಳು ಈ ವೇದಿಕೆಯಲ್ಲಿ ಪ್ರಬಂಧ ಓದಲಿ, ನಾನು ಹಿಂದಿನ ಸಾಲಿನಲ್ಲಿ ಕೂರುತ್ತೇನೆ.

ಅವಸರವಿದೆ. ಬಹಿರ್ ದಾರ್ ನಗರ ದಡದುದ್ದಕ್ಕೂ ಬೆಳೆಯುತ್ತಿದೆ, ಜೊಂಡು ಕಡಿಮೆಯಾಗುತ್ತಿದೆ, 2011ರಿಂದ ಅಂತರಗಂಗೆ ಸರೋವರಕ್ಕೆ ನುಗ್ಗಿದೆ. ಜೊಂಡು ಹೋದರೆ ಗಂಟುಗಳ ಹೆಸರೂ ಹೋಗುತ್ತವೆ. ಧ್ವನಿಮುದ್ರಣದ ನಿರ್ಣಯದ ಕರಡು ಕಾರ್ಯದರ್ಶಿಗಳ ಬಳಿ ಇದೆ. ಊಟಕ್ಕೆ ಏಳುವ ಮುನ್ನ ಮತಕ್ಕೆ ಹಾಕಿ.