ನೀಲಿಯಲ್ಲದ ನೀಲಿಹುಲ್ಲು

ಪಾಶ್ಚಾತ್ಯರ ಮನೆಯಂಗಳದ ಹಸಿರು ಹಾಸನ್ನು ಚಿತ್ರದಲ್ಲಿ ಕಂಡು ಮೆಚ್ಚದವರು ವಿರಳ. ಅಂಥ ಹಾಸಿಗೆ ಹೆಸರಾದದ್ದು ‘ಕೆಂಟಕಿ ನೀಲಿಹುಲ್ಲು’ ಎಂಬ ತಂಪುಗಾಲದ ಹುಲ್ಲು. ಹೆಸರನ್ನು ಮಾತ್ರ ನಂಬುವಂತಿಲ್ಲ. ಅದರ ತವರು ಕೆಂಟಕಿಯಲ್ಲ. ಯೂರೋಪಿನ ವಲಸಿಗರೊಡನೆ ಅಮೆರಿಕೆಗೆ ಹೋದದ್ದು. ಎಲೆಯೂ ನೀಲಿಯಲ್ಲ, ಕೊಯ್ಯದೆ ಬಿಟ್ಟರೆ ತೆನೆಯಲ್ಲಿ ಕೊಂಚ ನೀಲಿಯ ಛಾಯೆ ಕಾಣುತ್ತದೆ, ಅಷ್ಟೆ. 1753ರಲ್ಲಿ ಲಿನೇಯಸ್ ಅದಕ್ಕಿತ್ತ ಹೆಸರು ‘ಪೋಆ ಪ್ರಾಟೆನ್ಸಿಸ್’. ಗ್ರೀಕ್ ಮತ್ತು ಲ್ಯಾಟಿನ್ ಪದಗಳನ್ನು ಬಿಡಿಸಿದರೆ ‘ಹುಲ್ಲುಗಾವಲಿನ ಹುಲ್ಲು’ ಎಂದಷ್ಟೇ ಅರ್ಥ. ಶಾಸ್ತ್ರಜ್ಞರು ಇಷ್ಟು ನೇರವಾಗಿ ಮಾತನಾಡುವುದು ಅಪರೂಪ! ನೆಲದೊಳಗೆ ಕಾಂಡ ಚಾಚಿ ಹೆಣೆದುಕೊಳ್ಳುವ ಈ ಹುಲ್ಲು, ಕುದುರೆ ಮೇದರೂ ಯಂತ್ರ ಕತ್ತರಿಸಿದರೂ ಬುಡದಿಂದ ಮತ್ತೆ ಚಿಗುರುತ್ತದೆ.

ಇದನ್ನು ನಮ್ಮಲ್ಲೇಕೆ ಬೆಳೆಸಬಾರದೆಂದು ಪೇಟೆಯ ಮಿತ್ರರು ಕೇಳುವುದುಂಟು. ಶಿಗ್ಗಾವಿ ತಾಲ್ಲೂಕಿನ ಹುಲಗೂರಿನ ಸೀಮೆಯನ್ನೇ ನೋಡೋಣ. ಆ ಕಡೆ ಹಿಂಗಾರಿಗೆ ಬಿತ್ತುವ ಗೋಧಿಯೂ ತಂಪುಗಾಲದ ಹುಲ್ಲಿನ ಕುಲದ್ದೇ. ಆದರೆ ಶಿವರಾತ್ರಿಯ ಸುಮಾರಿಗೆ, ಬಿಸಿಲು ಬಲಿಯುವ ಮೊದಲೇ, ಅದು ಕಣ ಸೇರುತ್ತದೆ. ವರ್ಷವಿಡೀ ನೆಲದಲ್ಲಿರಬೇಕಾದ ನೀಲಿಹುಲ್ಲಿಗೆ ಆ ಬಿಡುಗಡೆಯಿಲ್ಲ. ಅದಕ್ಕೆ ಹಿತವಾದುದು 15ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆ. ಸೆಖೆ ಏರಿದಂತೆ, ಇಂಗಾಲದ ಡೈಆಕ್ಸೈಡನ್ನು ಹಿಡಿಯಬೇಕಾದ ಎಲೆಯ ಕಿಣ್ವವು ಹೆಚ್ಚು ಹೆಚ್ಚಾಗಿ ಆಮ್ಲಜನಕವನ್ನು ಹಿಡಿದು, ಗಳಿಸಿದ್ದರಲ್ಲಿ ಒಂದು ಪಾಲನ್ನು ಕಳೆಯುತ್ತದೆ. ಜೋಳ, ಗೋವಿನಜೋಳ, ಗರಿಕೆಗಳಾದರೋ ಆ ಅನಿಲವನ್ನು ಮೊದಲು ಬೇರೊಂದು ಕಿಣ್ವದಿಂದ ಹಿಡಿದು, ಎಲೆಯ ಒಳಗಿನ ಕೋಶಗಳಲ್ಲಿ ಒಟ್ಟುಗೂಡಿಸಿ, ಈ ನಷ್ಟವನ್ನು ತಪ್ಪಿಸಿಕೊಳ್ಳುತ್ತವೆ. ಏಪ್ರಿಲ್ ತಿಂಗಳಲ್ಲಿ ನೀಲಿಹುಲ್ಲಿಗೆ ಎಷ್ಟು ನೀರೆರೆದರೂ ಸೆಖೆ ತಗ್ಗದು. ದನಗಳಿಗೆ ಕುಡಿಯುವ ನೀರು ಹುಡುಕುವ ಹೊತ್ತಿನಲ್ಲಿ ಹಾಗೆ ಎರೆಯುವುದು ನನಗಂತೂ ಒಪ್ಪಿಗೆಯಿಲ್ಲ.

ಅಮೆರಿಕೆಯ ಕನ್ನಡ ಕುಟುಂಬಗಳ ಇಕ್ಕಟ್ಟು ಇದಕ್ಕೆ ತಿರುವುಮುರುವು. ಅಂಗಳದ ತುಂಬ ಹುಲ್ಲಿದ್ದರೂ ಗಣೇಶ ಚತುರ್ಥಿಗೆ ಸಲ್ಲುವ ಗರಿಕೆ ಅದಲ್ಲ. ನೀಲಿಹುಲ್ಲಿನ ನಡುವೆ ಗರಿಕೆ ಕಂಡರೆ ಅಲ್ಲಿ ಅದು ಕಳೆ. ಕೆಂಟಕಿ, ವರ್ಜೀನಿಯಗಳಂಥ ನಡುಸೀಮೆಯಲ್ಲಿ ಎರಡೂ ಬೆರೆತು ಬೆಳೆಯುತ್ತವೆ. ನಡುಬೇಸಗೆಯಲ್ಲಿ ನೀಲಿಹುಲ್ಲು ಕಂದಿದಾಗ ಗರಿಕೆ ಹಸಿರು. ಚಳಿಗಾಲದಲ್ಲಿ ಗರಿಕೆಗೆ ಒಣಮೇವಿನ ಬಣ್ಣ.

ಹುಲಗೂರಿನ ಕಡೆಯ ರೈತನೂ ಗರಿಕೆಯನ್ನು, ಅವನ ಬಾಯಲ್ಲಿ ಕರಿಕೆಯನ್ನು, ಹೊಲದೊಳಗೆ ಸಹಿಸಲಾರ. ಕರಿನೆಲದಲ್ಲಿ ಅದರ ಒಂದು ಗೆಣ್ಣು ಉಳಿದರೂ ಮುಂಗಾರಿಗೆ ಮತ್ತೆ ಹಬ್ಬುತ್ತದೆ. ಬೇಸಗೆಯಲ್ಲಿ ಆಳವಾಗಿ ಉತ್ತು, ಬೇರು ಆರಿಸಿ, ಬಿಸಿಲಿಗೆ ಒಣಗಿಸಬೇಕು. ಬದುವಿನ ಮೇಲೆ ಮಾತ್ರ ಅದನ್ನು ಮುಟ್ಟುವುದಿಲ್ಲ. ಅಲ್ಲಿ ಅದು ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತದೆ, ಎತ್ತಿಗೆ ಮೇವಾಗುತ್ತದೆ. ಚೌತಿಯ ಬೆಳಿಗ್ಗೆ ಮಕ್ಕಳು ಗರಿಕೆ ಕಿತ್ತು ತರುವುದೂ ಅಲ್ಲಿಂದಲೇ.