ಮುಟ್ಟಬೇಡ ಅನ್ನಬೇಡಿರಿ

(ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕಿನಿಂದ ಬಂದ ನಾವು ಇವತ್ತು ಒಂದು ಸಣ್ಣ ಕೂಸಿನ ಬಗ್ಗೆ ಮಾತಾಡುತ್ತೇವೆ. ಅದು ಇನ್ನೂ ಸಾಲಿಗೆ ಹೋಗಿಲ್ಲ. ಅಂಗಡಿಯವ ಬೆಲ್ಲ ಕಟ್ಟಿಕೊಟ್ಟ ಹಳೇ ಪೇಪರು ಬಿಚ್ಚಿದರೆ ಬೆಲ್ಲ ಬಿಟ್ಟು ಪೇಪರಿಗೆ ಕೈ ಚಾಚುತ್ತದೆ. ತಲೆಕೆಳಗಾಗಿ ಹಿಡಿದು, ಬೆರಳಿಟ್ಟು, ತನಗೆ ತಿಳಿದದ್ದನ್ನು ಓದುತ್ತದೆ. ನಾವೂ ಹಂಗೇ ಇದ್ದೆವು. ಬಸ್ಸಿನ ಬೋರ್ಡು, ಮೈಲಿಗಲ್ಲು, ಗೋಡೆ ಮೇಲಿನ ಚುನಾವಣೆ ಬರಹ ಇವೇ ನಮ್ಮ ಮೊದಲ ಪುಸ್ತಕ. ಮನೆಯಲ್ಲಿದ್ದದ್ದು ಒಂದೇ ಹರಕು ಅಂಕಲಿಪಿ. ಅದನ್ನೇ ಅಕ್ಕ, ಅಣ್ಣ, ತಮ್ಮ ಎಲ್ಲರೂ ಓದಿದೆವು.

ಈ ಹಸಿವನ್ನು ಯಾವ ಮಾಸ್ತರರೂ ಕಲಿಸಿದ್ದಲ್ಲ. ಹಾಗಾದರೆ ನಮ್ಮ ಕೇರಿಯಲ್ಲಿ ಅದು ಬೇಗ ಆರಿಹೋಗೋದು ಯಾಕ?

ಬಾಬಾಸಾಹೇಬರ ಬಾಲ್ಯ ನೆನೆಯಿರಿ. ಸಾತಾರೆಯ ಸಾಲಿಯಲ್ಲಿ ಅವರಿಗೆ ಬೇರೆ ಗೋಣಿತಟ್ಟು. ಸಂಜೆ ಅದನ್ನು ಮನೆಗೆ ಹೊತ್ತೊಯ್ಯಬೇಕು. ಜವಾನ ಹಾಕಿದರೆ ನೀರು, ಅವನಿಲ್ಲದ ದಿನ ನೀರೂ ಇಲ್ಲ. ಆದರೆ ಮನೆಯಲ್ಲಿ ತಂದೆ ರಾಮಜಿ ಸುಭೇದಾರರು ಮಕ್ಕಳ ಕೈಲಿ ರಾಮಾಯಣ, ಮಹಾಭಾರತ ಗಟ್ಟಿಯಾಗಿ ಓದಿಸುತ್ತಿದ್ದರು. ಪುಸ್ತಕಕ್ಕೆ ರೊಕ್ಕ ಇಲ್ಲದಾಗ ಮಗಳ ಒಡವೆ ಒತ್ತೆ ಇಟ್ಟರಂತೆ. ಮುಂಬೈಯಲ್ಲಿ ಕೃಷ್ಣಾಜಿ ಅರ್ಜುನ ಕೇಳುಸ್ಕರರು ತಾವೇ ಬರೆದ ಬುದ್ಧಚರಿತ್ರೆಯನ್ನು ಹುಡುಗ ಭೀಮನ ಕೈಗಿಟ್ಟರು. ಆ ಹುಡುಗನೇ 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಮಂದಿಯ ಜೊತೆ ಬುದ್ಧನಿಗೆ ಶರಣಾದ. ಹುಡುಗನ ಕೈಗೆ ಕೊಟ್ಟ ಒಂದು ಪುಸ್ತಕ ಎಲ್ಲಿ ಹೋಗಿ ಮುಟ್ಟುತ್ತದೆ ನೋಡಿರಿ.

ದೂರ ಯಾಕ? ಅದೇ 1956ರಲ್ಲಿ ಮುದ್ದೇಬಿಹಾಳದಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿಯವರು 1994ರಲ್ಲಿ ‘ಗೌರ್ಮೆಂಟ್ ಬ್ರಾಹ್ಮಣ’ ಅಂತ ತಮ್ಮ ಆತ್ಮಕಥೆ ಕೊಟ್ಟರು. ಅದನ್ನು ಓದಿದಾಗಲೇ, ನಮ್ಮ ಓಣಿಯೂ ಪುಸ್ತಕದೊಳಗೆ ಬರಬಹುದು ಅಂತ ನಮಗೆ ಗೊತ್ತಾದದ್ದು.

ಇವತ್ತು ಮಳೆ ಕೈಕೊಟ್ಟ ವರ್ಷ ನಮ್ಮ ಮಂದಿ ಕಬ್ಬು ಕಡಿಯಾಕ, ಕಟ್ಟಡ ಕೆಲಸಕ್ಕ ಮಹಾರಾಷ್ಟ್ರ, ಗೋವಾಕ್ಕೆ ಹೋಗುತ್ತಾರೆ. ಗಂಟು-ಗದಡಿ ಜೊತೆ ಕೂಸೂ ಹೋಗುತ್ತದೆ, ಪಾಟಿ ಮನೆಯಲ್ಲೇ ಉಳಿಯುತ್ತದೆ. ಆ ಗಂಟಿನೊಳಗೆ ಒಂದು ಪುಸ್ತಕಕ್ಕೂ ಜಾಗ ಮಾಡೋಣ. 2020ರಲ್ಲಿ ಸರಕಾರ ‘ಓದುವ ಬೆಳಕು’ ಅಂತ ತಂದು ಪಂಚಾಯತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ರೊಕ್ಕ ಇಲ್ಲದೆ ಸದಸ್ಯತ್ವ ಕೊಟ್ಟಿತು. ಆ ಹೊಸ್ತಿಲು ದಾಟಿದವರಲ್ಲಿ ನಮ್ಮ ಕೇರಿಯ ಮಕ್ಕಳು ಎಷ್ಟು? ಊರಿಗೆ ಹೋಗಿ ಎಣಿಸೋಣ. ಇಲ್ಲದಿದ್ದರೆ ಕೈಹಿಡಿದು ಕರಕೊಂಡು ಹೋಗಿ ಹೆಸರು ಬರೆಸೋಣ.

ಕಡೆಗೆ ನಮಗೇ ಒಂದು ಮಾತು. ಸಭೆಗೆ ನಾವು ಪುಸ್ತಕ ಹೊತ್ತು ತರುತ್ತೇವೆ. ಮನೆಯಲ್ಲಿ ಕೂಸು ಕೈ ಹಾಕಿದರೆ ಮಾತ್ರ ‘ಹರೀತೈತಿ, ಮುಟ್ಟಬ್ಯಾಡ’ ಅಂತ ಗದರುತ್ತೇವೆ. ಬಂಧುಗಳೇ, ‘ಮುಟ್ಟಬೇಡ’ ಅನ್ನೋ ಮಾತನ್ನು ನಮ್ಮ ಹಿರಿಯರು ಬಾವಿ ಮುಂದೆ ಕೇಳಿದರು, ಗುಡಿ ಮುಂದೆ ಕೇಳಿದರು. ನಮ್ಮ ಕೂಸು ಅದನ್ನು ಪುಸ್ತಕದ ಮುಂದೆ, ಅದೂ ನಮ್ಮ ಬಾಯಿಂದ ಕೇಳಬೇಕೇ? ಮುಟ್ಟಲಿ. ಹರಿದರೆ ಅಂಟು ಹಚ್ಚೋಣ.

ಜೈ ಭೀಮ್.