ಪೆಟ್ಟು ತಾಳುವ ಗಡಿಯಾರ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಎಚ್.ಎಂ.ಟಿ. ಜನತಾ ವಾಚು ಇನ್ನೂ ಇರಬಹುದು. ಅದರ ಮುಖದ ಮೇಲೆ 'ಪ್ಯಾರಾ ಶಾಕ್' ಎಂದಿರುತ್ತದೆ. ಹಾಗೆಂದರೇನು?

ವಾಚಿನ ಹೃದಯ ಬ್ಯಾಲೆನ್ಸ್ ಚಕ್ರ. ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ 5. ಅದರ ಅಚ್ಚಿನ ತುದಿಯ ದಪ್ಪ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗ. ವಾಚು ಕೈಜಾರಿದರೆ ಮೊದಲು ಮುರಿಯುತ್ತಿದ್ದುದು ಇದೇ.

1790ರ ಸುಮಾರಿಗೆ ಪ್ಯಾರಿಸಿನ ಬ್ರೆಗೆ ಇದಕ್ಕೊಂದು ಉಪಾಯ ಹುಡುಕಿದರು. ತುದಿಗೆ ಆಧಾರವಾದ ಕಲ್ಲನ್ನು ಬಿಗಿಯಾಗಿ ಕೂರಿಸದೆ ಸ್ಪ್ರಿಂಗಿಗೆ ಒಪ್ಪಿಸುವುದು! ಇಂದಿನ ವಾಚುಗಳಲ್ಲಿ ಪೆಟ್ಟು ಬಿದ್ದಾಗ ಕಲ್ಲು ಸರಿಯುತ್ತದೆ, ಅಚ್ಚಿನ ದಪ್ಪ ಭಾಗ ಲೋಹಕ್ಕೆ ತಾಗಿ ಪೆಟ್ಟನ್ನು ತಾನು ಹೊರುತ್ತದೆ, ಸ್ಪ್ರಿಂಗ್ ಕಲ್ಲನ್ನು ಸ್ವಸ್ಥಾನಕ್ಕೆ ತರುತ್ತದೆ. ಜಪಾನಿನ ಸಿಟಿಜನ್ ಕಂಪನಿ 1956ರಲ್ಲಿ ತಂದ ಈ ಬಗೆಯ ವ್ಯವಸ್ಥೆಯೇ ಪ್ಯಾರಾ ಶಾಕ್. ಅದೇ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ವಾಚು ತಯಾರಿಕೆ ಶುರುವಾಯಿತು.

ಪಿಯುಸಿ ಪಾಸಾದಾಗ ತಂದೆ ಕೊಟ್ಟ ವಾಚನ್ನು ಕಟ್ಟಿಕೊಂಡೇ ನಾನು ಸೌದೆ ಒಡೆದೆ. ಪ್ಯಾರಾ ಶಾಕ್ ಇದೆಯಲ್ಲ ಎಂಬ ಧೈರ್ಯ! ವಾಚು ನಿಂತಿತು. ಅಂತಾರಾಷ್ಟ್ರೀಯ ಮಾನದಂಡ ಕೇಳುವುದು ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ನೆಲಕ್ಕೆ ಬಿದ್ದಷ್ಟು ಪೆಟ್ಟನ್ನು ತಾಳುವುದನ್ನು, ಕೊಡಲಿಯ ಏಟುಗಳನ್ನಲ್ಲ. ಮಳೆನೀರನ್ನೂ ಅದು ತಡೆಯದು.

2016ರಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ನಿರ್ಧರಿಸಿತು. ವಾಚುಗಳು ಉಳಿದಿವೆ, ರಿಪೇರಿ ಬಲ್ಲ ಕೈಗಳು ಕಡಿಮೆಯಾಗುತ್ತಿವೆ. ವಿದ್ಯಾರ್ಥಿಗಳೇ, ನಿಂತ ವಾಚನ್ನು ಎಸೆಯಬೇಡಿ. ಬಲ್ಲವರ ಬಳಿ ಒಯ್ದು, ಅವರು ಬಿಚ್ಚುವಾಗ ಪಕ್ಕದಲ್ಲಿ ಕುಳಿತು ನೋಡಿ. ಅದೂ ಒಂದು ವಿದ್ಯೆಯೇ.